ನಿಮ್ಮ ಕರಾರಿನ ನಮೂನೆ ಎಲ್ಲರಿಗೂ ಸಿಗುವಂತೆ ಹಾಕುವ ಮುನ್ನ

ಪ್ರಶ್ನೆ: ಸ್ವತಂತ್ರವಾಗಿ ವಿನ್ಯಾಸದ ಕೆಲಸ ಮಾಡುತ್ತೇನೆ. ಗ್ರಾಹಕರೊಂದಿಗೆ ಮಾಡಿಕೊಳ್ಳುವ ಸೇವಾ ಒಪ್ಪಂದದ ಕರಡನ್ನು, ಬೇರೆಯವರಿಗೂ ಉಪಯೋಗವಾಗಲಿ ಎಂದು ಗಿಟ್‌ಹಬ್‌ಗೆ (ಕಡತಗಳನ್ನು ಹಳೆಯ ಆವೃತ್ತಿಗಳ ಸಮೇತ ಇಟ್ಟು ಹಂಚಿಕೊಳ್ಳುವ ಜಾಲತಾಣ) ಹಾಕಬೇಕೆಂದಿದ್ದೇನೆ. ಹೆಸರು, ಮೊತ್ತ ಅಳಿಸಿದರೆ ಸಾಕೇ?

ಉತ್ತರ: ಸಾಲದು. ವರ್ಡ್‌ನ ಡಾಕ್ಸ್ (.docx) ಕಡತ ಎಂದರೆ ಹಲವು ಕಡತಗಳನ್ನು ಒಳಗಿಟ್ಟುಕೊಂಡ ಒಂದು ಜಿಪ್ ಕಟ್ಟು. ಅದರ ಒಂದು ನಕಲು ಮಾಡಿಕೊಂಡು, ಹೆಸರಿನ ಕೊನೆಯ ಡಾಕ್ಸ್ ತೆಗೆದು ಜಿಪ್ ಎಂದು ಹಾಕಿ ಬಿಚ್ಚಿ ನೋಡಿ. ಡಾಕ್‌ಪ್ರಾಪ್ಸ್ ಫೋಲ್ಡರಿನಲ್ಲಿ ಕಡತ ಸೃಷ್ಟಿಸಿದವರ ಹೆಸರು, ಕೊನೆಗೆ ತಿದ್ದಿದವರ ಹೆಸರು ಸಾಮಾನ್ಯವಾಗಿ ಇದ್ದೇ ಇರುತ್ತವೆ. ತಿದ್ದಿದ್ದನ್ನೆಲ್ಲ ದಾಖಲಿಸುವ ಟ್ರ್ಯಾಕ್ ಚೇಂಜಸ್ ಚಾಲೂ ಇದ್ದಾಗ ಅಳಿಸಿದ ಮೊತ್ತವೂ ಒಳಗೇ ಕೂತಿರುತ್ತದೆ. ಆ ತಿದ್ದುಪಡಿಯನ್ನು ಆಕ್ಸೆಪ್ಟ್ ಮಾಡುವವರೆಗೆ ಹೋಗುವುದಿಲ್ಲ. ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದರೂ ಅಷ್ಟೇ, ಅಡಿಯ ಅಕ್ಷರಗಳನ್ನು ಎಷ್ಟೋ ಸಲ ಕಾಪಿ ಮಾಡಿಕೊಳ್ಳಬಹುದು.

ವರ್ಡ್‌ನಲ್ಲೇ ಇರುವ ಡಾಕ್ಯುಮೆಂಟ್ ಇನ್‌ಸ್ಪೆಕ್ಟರ್ ಎಂಬ ಸಾಧನ ವರ್ಡ್ ಕಡತದ ಇಂಥ ಮಾಹಿತಿಯಲ್ಲಿ ಬಹುಪಾಲನ್ನು ತೆಗೆಯುತ್ತದೆ. ಆದರೂ ನಮ್ಮ ಸಲಹೆ: ತಿದ್ದುಪಡಿಗಳನ್ನೆಲ್ಲ ಆಕ್ಸೆಪ್ಟ್ ಮಾಡಿದ ಮೇಲೆ ಹೊಸ ಖಾಲಿ ಕಡತ ತೆರೆದು ಬರೀ ಪಠ್ಯವನ್ನಷ್ಟೇ ಪೇಸ್ಟ್ ಮಾಡಿ. ಕಲಮುಗಳ ಸಂಖ್ಯೆಯನ್ನು ಮತ್ತೆ ಹೊಂದಿಸಬೇಕಾಗುತ್ತದೆ, ಆ ಶ್ರಮ ವ್ಯರ್ಥವಲ್ಲ. ಗಿಟ್‌ಹಬ್‌ಗೆ ಹಾಕುವುದು ಈ ಹೊಸ ಕಡತ ಮಾತ್ರ. ಹಳೆಯದನ್ನು ಮೊದಲು ಹಾಕಿ ಆಮೇಲೆ ಸರಿಪಡಿಸಿದರೆ ಹಿಂದಿನ ಆವೃತ್ತಿ ಇತಿಹಾಸದಲ್ಲಿ ಉಳಿಯುತ್ತದೆ, ಬೇಕಾದವರು ತೆಗೆದು ಓದಬಹುದು.

ಇನ್ನೆರಡು ವಿಚಾರ. ಕರಡು ಬರೆದವರು ವಕೀಲರಾದರೆ ಅದರ ಕೃತಿಸ್ವಾಮ್ಯ ಅವರದ್ದೇ ಆಗಿರಬಹುದು. ಲಿಖಿತ ಒಪ್ಪಿಗೆ ಪಡೆಯಿರಿ. ಸಹಿಯಾದ ಒಪ್ಪಂದದ ಗೋಪ್ಯತೆಯ ಕಲಮನ್ನೂ ಓದಿ. ಒಪ್ಪಂದದ ಷರತ್ತುಗಳೇ ಗೋಪ್ಯ ಎಂದು ಬರೆದಿರುವುದುಂಟು. ಹಾಗಿದ್ದರೆ ಆ ಗ್ರಾಹಕರಿಗೆಂದೇ ಸೇರಿಸಿದ ಷರತ್ತುಗಳನ್ನು ಬಿಟ್ಟುಬಿಡಿ.

ಪ್ರಶ್ನೆ: ನಮೂನೆಗೆ ಯಾವ ಲೈಸೆನ್ಸ್ ಹಾಕಬೇಕು? ಎಂಐಟಿ ಆದೀತೇ?

ಉತ್ತರ: ಎಂಐಟಿಯ ಒಕ್ಕಣೆ ಇರುವುದು ಸಾಫ್ಟ್‌ವೇರ್‌ಗಾಗಿ. ಕರಾರಿಗೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ಗಳೇ ವಾಸಿ. ಅದರಲ್ಲೂ ನಾವು ಹೇಳುವುದು ಸಿಸಿ ಸೊನ್ನೆ (CC0), ಅಂದರೆ ಬರೆದವರು ತಮ್ಮ ಹಕ್ಕುಗಳನ್ನು ಬಿಟ್ಟುಕೊಡುವುದು. ಸಿಸಿ ಬೈ ಹಾಕಿದರೆ ಮೂಲ ಬರೆದವರ ಹೆಸರನ್ನು ನಮೂದಿಸಬೇಕಾಗುತ್ತದೆ, ಸಹಿ ಮಾಡುವ ಪತ್ರದಲ್ಲಿ ಮೂರನೆಯವರ ಹೆಸರು ಯಾರಿಗೂ ಬೇಕಿರುವುದಿಲ್ಲ. ಎನ್‌ಡಿ (ನೋ ಡೆರಿವೇಟಿವ್ಸ್) ಇರುವ ಲೈಸೆನ್ಸ್ ಆದರೆ, ತಿದ್ದಿದ ಪಾಠವನ್ನು ಸಾರ್ವಜನಿಕವಾಗಿ ಹಂಚುವಂತಿಲ್ಲ. ಯಾವುದೇ ಆಗಲಿ, ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಾಗದು.

ಲೈಸೆನ್ಸಿನಷ್ಟೇ ಮುಖ್ಯವಾದದ್ದು ಆವೃತ್ತಿಯ ಸಂಖ್ಯೆ. ಉದಾಹರಣೆಗೆ, ಹೊಸ ಕಂಪನಿಗಳಲ್ಲಿ ಹಣ ಹೂಡುವ ಅಮೆರಿಕದ ವೈ ಕಾಂಬಿನೇಟರ್ ಸಂಸ್ಥೆ 2013ರಲ್ಲಿ ಪ್ರಕಟಿಸಿದ ಸೇಫ್ ಎಂಬ ಹೂಡಿಕೆ ಕರಾರು (ಈಗ ಹಣ, ಮುಂದೆ ಷೇರು) 2018ರಲ್ಲಿ ಬದಲಾಯಿತು. ಹಳೆಯದರಲ್ಲಿ, ಹಣ ಷೇರಾಗುವಾಗ ಬಳಸುವ ಕಂಪನಿಯ ಮೌಲ್ಯದ ಮಿತಿಯನ್ನು ಸೇಫ್ ಹಣ ಸೇರಿಸದೆ ಲೆಕ್ಕ ಹಾಕುತ್ತಿದ್ದರು, ಹೊಸದರಲ್ಲಿ ಸೇರಿಸಿ. ಹೆಸರು ಅದೇ, ಹೂಡಿಕೆದಾರರಿಗೆ ಸಿಗುವ ಪಾಲು ಬೇರೆ. ನಿಮ್ಮ ನಮೂನೆಯ ಪ್ರತಿ ಪುಟದ ಅಡಿಯಲ್ಲಿ ಆವೃತ್ತಿ, ದಿನಾಂಕ ಎರಡೂ ಇರಲಿ.

ಪ್ರಶ್ನೆ: ಇಳಿಸಿಕೊಂಡ ನಮೂನೆಯಲ್ಲಿ ನಮಗೆ ಬೇಡವಾದ 6ನೇ ಕಲಮನ್ನು ತೆಗೆದೆವು. ಈಗ ಓದಿದರೆ ಅರ್ಥವೇ ಕೂಡುತ್ತಿಲ್ಲ.

ಉತ್ತರ: ಮುಂದಿನ ಕಲಮುಗಳೆಲ್ಲ ಒಂದೊಂದು ಸಂಖ್ಯೆ ಹಿಂದೆ ಸರಿದಿವೆ. ಹಣ ಪಾವತಿ 9ನೇ ಕಲಮಾಗಿತ್ತು ಎನ್ನಿ, ಈಗ ಅದು 8. ‘ಕಲಮು 9ರ ಪ್ರಕಾರ’ ಎಂದು ಕೈಯಲ್ಲಿ ಟೈಪ್ ಮಾಡಿದ ಕಡೆ 9 ಹಾಗೇ ಉಳಿದು, ಹಣ ಪಾವತಿಯ ಬದಲು ಪಕ್ಕದ ಕಲಮನ್ನು ತೋರಿಸುತ್ತಿದೆ. ವರ್ಡ್‌ನಲ್ಲಿ ಕಂಟ್ರೋಲ್ ಮತ್ತು ಎ ಒಟ್ಟಿಗೆ ಒತ್ತಿ, ಬಳಿಕ ಎಫ್9 ಒತ್ತಿ. ಕೈಯಲ್ಲಿ ಟೈಪ್ ಮಾಡದೆ ವರ್ಡ್‌ನ ಕ್ರಾಸ್ ರೆಫರೆನ್ಸ್ ಆಗಿ ಹಾಕಿದ ಸಂಖ್ಯೆಗಳು ತಾವೇ ಸರಿಹೋಗುತ್ತವೆ, ಅಳಿಸಿದ ಕಲಮನ್ನು ತೋರುತ್ತಿದ್ದ ಕಡೆ ದೋಷದ ಸಂದೇಶ ಬರುತ್ತದೆ. ಉಳಿದವನ್ನು ‘ಕಲಮು’ ಎಂದು ಹುಡುಕಿ ಒಂದೊಂದಾಗಿ ತಿದ್ದಿ. 6ರಲ್ಲಿ ವ್ಯಾಖ್ಯೆ ಕೊಟ್ಟಿದ್ದ ಪದ ಬೇರೆಡೆ ಬಳಕೆಯಾಗಿದ್ದರೆ ಆ ವ್ಯಾಖ್ಯೆಯನ್ನು ಮೊದಲ ಕಲಮಿಗೆ ತನ್ನಿ. ನಮೂನೆಗಳಲ್ಲಿ ನಾವು ತುಂಬಬೇಕಾದ ಜಾಗವನ್ನು ಸಾಮಾನ್ಯವಾಗಿ ಚೌಕ ಆವರಣದಲ್ಲಿ ಇಟ್ಟಿರುತ್ತಾರೆ, ಹಾಗಾಗಿ ಕೊನೆಗೆ ಆ ಚಿಹ್ನೆಯನ್ನು ( [ ) ಹುಡುಕಿ: ಯಾವ ದೇಶದ ಕಾನೂನು, ಯಾವ ನ್ಯಾಯಾಲಯ ಎಂಬ ಜಾಗವೇ ಹೆಚ್ಚಾಗಿ ಖಾಲಿ ಉಳಿದಿರುತ್ತದೆ.