ಡಾರ್ಕ್‌ಟೇಬಲ್‌ನಲ್ಲಿ ಹದವಾಗಿದ್ದ ಕೆಂಪು ಜೆಪೆಗ್ ಆದಮೇಲೆ ಯಾಕೆ ಕಣ್ಣಿಗೆ ಹೊಡೆಯುತ್ತದೆ?

ನೀವು ಹೇಳಿದ್ದು ಇಷ್ಟು: ಉಬುಂಟು 24.04, ಗ್ನೋಮ್‌ನ ಎಕ್ಸ್11 (ಪರದೆಗೆ ಚಿತ್ರ ಕಳಿಸುವ ಹಳೆಯ ವ್ಯವಸ್ಥೆ) ಸೆಷನ್, ಹೊಸದಾಗಿ ತಂದ ವೈಡ್ ಗ್ಯಾಮಟ್ (ಸಾಮಾನ್ಯಕ್ಕಿಂತ ಗಾಢ ಬಣ್ಣಗಳನ್ನೂ ತೋರಿಸಬಲ್ಲ) ಮಾನಿಟರ್. ಫೋಟೋ ತಿದ್ದುವ ಡಾರ್ಕ್‌ಟೇಬಲ್‌ನಲ್ಲಿ ಮದುವೆ ಫೋಟೋ ಸರಿಯಾಗಿ ಕಾಣುತ್ತದೆ. ಅದನ್ನೇ ಜೆಪೆಗ್ ಮಾಡಿ ಫೆಹ್‌ನಲ್ಲಿ ತೆರೆದರೆ ರೇಷ್ಮೆ ಸೀರೆಯ ಕೆಂಪು ಉರಿಯುತ್ತದೆ, ಮುಖಗಳೂ ಕೆಂಪೇರುತ್ತವೆ. ಎಕ್ಸ್‌ಪೋರ್ಟ್‌ನಲ್ಲಿ ಏನು ತಪ್ಪಾಗಿದೆ ಅಂತ ಕೇಳಿದ್ದೀರಿ.

ಎಕ್ಸ್‌ಪೋರ್ಟ್ ಬಹುಶಃ ಸರಿಯೇ ಇದೆ. ಫೆಹ್‌ನಂಥ ಹಗುರ ವ್ಯೂವರ್ ಮಾನಿಟರ್ ಪ್ರೊಫೈಲನ್ನು (ಆ ಮಾನಿಟರ್ ಬಣ್ಣಗಳನ್ನು ಹೇಗೆ ತೋರಿಸುತ್ತದೆ ಎಂದು ಹೇಳುವ ಫೈಲನ್ನು) ಓದುವುದೇ ಇಲ್ಲ. ಎಸ್‌ಆರ್‌ಜಿಬಿ (ವೆಬ್, ಜೆಪೆಗ್‌ಗಳ ಸಾಮಾನ್ಯ ಬಣ್ಣ ಮಾನದಂಡ) ಲೆಕ್ಕದ 255, 0, 0, ಅಂದರೆ ಪೂರ್ತಿ ಕೆಂಪನ್ನು ಹಾಗೇ ಪ್ಯಾನೆಲ್‌ಗೆ ಕಳಿಸಿಬಿಡುತ್ತದೆ. ಪ್ಯಾನೆಲ್ ತನ್ನ ಹತ್ತಿರ ಇರುವ ಅತಿ ಗಾಢ ಕೆಂಪನ್ನೇ ತೋರಿಸುತ್ತದೆ, ಅದು ಎಸ್‌ಆರ್‌ಜಿಬಿಯ ಕೆಂಪಿಗಿಂತ ತುಂಬಾ ಗಾಢ. ಡಾರ್ಕ್‌ಟೇಬಲ್ ಪ್ರೊಫೈಲ್ ನೋಡಿ ಅಷ್ಟು ಪ್ರಮಾಣ ಇಳಿಸಿ ಕಳಿಸುತ್ತದೆ. ಆದರೆ ಆ ಪ್ರೊಫೈಲೇ ತಪ್ಪಿದ್ದರೆ ಡಾರ್ಕ್‌ಟೇಬಲ್ ತೋರಿಸುವುದೂ ತಪ್ಪು. ಹಾಗಾಗಿ ಮೊದಲು ಯಾವ ಪ್ರೋಗ್ರಾಂ ಯಾವ ಪ್ರೊಫೈಲ್ ಓದುತ್ತಿದೆ ಅಂತ ಗೊತ್ತು ಮಾಡಿಕೊಳ್ಳಿ. ಅದು ತಿಳಿಯುವ ತನಕ ಒಂದು ಸ್ಲೈಡರನ್ನೂ ಮುಟ್ಟಬೇಡಿ.

ನೈಟ್ ಲೈಟ್ ಆಫ್ ಮಾಡಿ. ಮಾನಿಟರ್‌ನ ಮೆನುವಿನಲ್ಲಿ ಡೈನಮಿಕ್ ಕಾಂಟ್ರಾಸ್ಟ್ ಇದ್ದರೆ ಅದನ್ನೂ ಆರಿಸಿ. ಆಮೇಲೆ ಟರ್ಮಿನಲ್‌ನಲ್ಲಿ ಡಾರ್ಕ್‌ಟೇಬಲ್-ಸಿಎಂಎಸ್‌ಟೆಸ್ಟ್ ಓಡಿಸಿ, ಇದು ಡಾರ್ಕ್‌ಟೇಬಲ್ ಜೊತೆಗೇ ಬರುವ ಪುಟ್ಟ ಪ್ರೋಗ್ರಾಂ. ಪ್ರತಿ ಮಾನಿಟರ್‌ಗೂ ಎಕ್ಸ್ ಸರ್ವರ್‌ನ ಐಸಿಸಿ ಆಟಂನಲ್ಲಿ (ಪ್ರೋಗ್ರಾಂಗಳು ಓದಲೆಂದು ಪ್ರೊಫೈಲ್ ಇಡುವ ಜಾಗ) ಏನಿದೆ, ಕಲರ್‌ಡಿ (ಪ್ರೊಫೈಲ್‌ಗಳನ್ನು ನೋಡಿಕೊಳ್ಳುವ ಸಿಸ್ಟಂ ಸೇವೆ) ಏನು ಹೇಳುತ್ತದೆ ಎಂದು ತೋರಿಸುತ್ತದೆ. ಎರಡೂ ಒಂದೇ ಆಗಿರಬೇಕು. ಆಟಂ ಖಾಲಿಯಿದ್ದು ಕಲರ್‌ಡಿಯಲ್ಲಿ ಮಾತ್ರ ಪ್ರೊಫೈಲ್ ಇದ್ದರೆ, ಆಟಂ ಓದುವ ಪ್ರೋಗ್ರಾಂಗಳಿಗೆ ಏನೂ ಸಿಗುವುದಿಲ್ಲ. ಐ3, ಓಪನ್‌ಬಾಕ್ಸ್ ಥರದ ಬರಿಯ ವಿಂಡೋ ಮ್ಯಾನೇಜರ್‌ಗಳಲ್ಲಿ ಇದು ಸಾಮಾನ್ಯ. ಅಲ್ಲಿ ಎಕ್ಸ್‌ಐಸಿಸಿಡಿ ಹಾಕಿಕೊಂಡರೆ ಎರಡಕ್ಕೂ ಸೇತುವೆಯಾಗುತ್ತದೆ.

ನನಗೆ ಎಲ್ಲಕ್ಕಿಂತ ನಂಬಿಕೆಯಿರುವ ಪರೀಕ್ಷೆ ಬೇರೆ. ಕಲರ್‌ಡಿಯ ಪ್ರೊಫೈಲ್ ಫೋಲ್ಡರ್‌ನಲ್ಲಿ ಸ್ವಾಪ್ಡ್ ರೆಡ್ ಅಂಡ್ ಗ್ರೀನ್ ಎಂಬ ಫೈಲ್ ಇರುತ್ತದೆ. ಕೆಂಪು, ಹಸಿರನ್ನು ಬೇಕೆಂದೇ ಅದಲುಬದಲು ಮಾಡಿದ ಪ್ರೊಫೈಲ್ ಅದು. ಸೆಟ್ಟಿಂಗ್ಸ್‌ನ ಕಲರ್ ವಿಭಾಗದಲ್ಲಿ ಆ ಫೈಲನ್ನು ನಿಮ್ಮ ಮಾನಿಟರ್‌ಗೆ ಕೊಟ್ಟು, ಪ್ರೋಗ್ರಾಂಗಳನ್ನು ಮುಚ್ಚಿ ಮತ್ತೆ ತೆರೆಯಿರಿ. ಸೀರೆ ಹಸಿರಾದ ಪ್ರೋಗ್ರಾಂ ಪ್ರೊಫೈಲ್ ಓದುತ್ತಿದೆ. ಸೀರೆ ಕೆಂಪಾಗೇ ಉಳಿದಿದ್ದರೆ ಓದುತ್ತಿಲ್ಲ. ಎರಡು ನಿಮಿಷದ ಕೆಲಸ, ಕಣ್ಣಂದಾಜಿನ ಜಗಳವೇ ಇಲ್ಲ. ಫೋಟೋ ಎಡಿಟರ್ ಗಿಂಪ್‌ನಲ್ಲಿ ಕೆಂಪಾಗೇ ಉಳಿದರೆ ಪ್ರಿಫರೆನ್ಸಸ್‌ನ ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿಸ್ಟಂ ಮಾನಿಟರ್ ಪ್ರೊಫೈಲ್ ಬಳಸುವ ಟಿಕ್ ಹಾಕಿ. ಪರೀಕ್ಷೆ ಮುಗಿದ ಮೇಲೆ ಹಳೆಯ ಪ್ರೊಫೈಲನ್ನು ವಾಪಸ್ ಹಾಕುವುದು ಮರೆಯಬೇಡಿ.

"ಲಾಗಿನ್ ಆದಕೂಡಲೇ ಪರದೆಯ ಬಣ್ಣ ಬದಲಾಗುತ್ತದೆ, ಅಂದರೆ ಪ್ರೊಫೈಲ್ ಕೆಲಸ ಮಾಡುತ್ತಿದೆ" ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅದು ಅರ್ಧ ಮಾತ್ರ ನಿಜ. ಐಸಿಸಿ ಫೈಲಿನೊಳಗೆ, ಅಂದರೆ ಪ್ರೊಫೈಲ್ ಫೈಲಿನೊಳಗೆ, ಎರಡು ಬೇರೆ ಸಂಗತಿಗಳಿರಬಹುದು. ಒಂದು ವಿಸಿಜಿಟಿ, ಅಂದರೆ ಗ್ರಾಫಿಕ್ಸ್ ಕಾರ್ಡಿಗೆ ತುಂಬುವ ಕರ್ವ್. ಬಿಳುಪನ್ನೂ ಬೂದು ಛಾಯೆಗಳನ್ನೂ ಇದು ಇಡೀ ಪರದೆಗೆ ಸರಿಮಾಡುತ್ತದೆ. ಇನ್ನೊಂದು, ಪ್ಯಾನೆಲ್‌ನ ಕೆಂಪು, ಹಸಿರು, ನೀಲಿ ನಿಜಕ್ಕೂ ಎಷ್ಟು ಗಾಢ ಎಂಬ ವಿವರ. ಎಕ್ಸ್11ನಲ್ಲಿ ಇದನ್ನು ಪ್ರತಿ ಪ್ರೋಗ್ರಾಂ ತಾನೇ ಓದಿ ಲೆಕ್ಕ ಹಾಕಬೇಕು. ಲಾಗಿನ್‌ನಲ್ಲಿ ನಿಮಗೆ ಕಾಣುವುದು ಮೊದಲನೆಯದು. ನಿಮ್ಮ ಸೀರೆಯ ತಂಟೆ ಎರಡನೆಯದರದು.

ಇನ್ನು ಪ್ರೊಫೈಲೇ ತಪ್ಪಿರುವ ಸಾಧ್ಯತೆ. ನೀವು ಕ್ಯಾಲಿಬ್ರೇಟ್ ಮಾಡಿಲ್ಲದಿದ್ದರೆ ಈಗಿರುವುದು ಮಾನಿಟರ್‌ನ ಇಡಿಐಡಿ (ಮಾನಿಟರ್ ತನ್ನ ಬಗ್ಗೆ ಕಂಪ್ಯೂಟರ್‌ಗೆ ಹೇಳುವ) ಮಾಹಿತಿಯಿಂದ ತಾನಾಗಿ ಹುಟ್ಟಿದ ಪ್ರೊಫೈಲ್. ಕೆಲವು ಮಾನಿಟರ್‌ಗಳ ಇಡಿಐಡಿಯಲ್ಲಿ ಅಂಕಿಗಳೇ ತಪ್ಪಿರುತ್ತವೆ, ಆಗ ಡಾರ್ಕ್‌ಟೇಬಲ್‌ನಲ್ಲಿ ಬಿಳಿ ಬಟ್ಟೆ ಅರಿಶಿನ ನೀರಲ್ಲಿ ಅದ್ದಿದ ಹಾಗೆ ಕಾಣಬಹುದು. ಡಾರ್ಕ್‌ಟೇಬಲ್‌ನ ಎಡಿಟಿಂಗ್ ನೋಟವಾದ ಡಾರ್ಕ್‌ರೂಮ್‌ನ ಕೆಳಗಿರುವ ಸಾಫ್ಟ್‌ಪ್ರೂಫ್ (ಬೇರೆ ಪ್ರೊಫೈಲ್‌ನಲ್ಲಿ ಫೋಟೋ ಹೇಗೆ ಕಾಣುತ್ತದೆ ಎಂದು ತೋರಿಸುವ) ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸ್‌ಪ್ಲೇ ಪ್ರೊಫೈಲನ್ನು ಸ್ವಲ್ಪ ಹೊತ್ತು ಎಸ್‌ಆರ್‌ಜಿಬಿಗೆ ಇಡಿ. ಹಳದಿ ಹೋದರೆ ತಪ್ಪು ಪ್ರೊಫೈಲಿನದೇ. ಹೋಮ್ ಫೋಲ್ಡರ್‌ನಲ್ಲಿರುವ ಆ ಫೈಲನ್ನು ಅಳಿಸಿ ಪ್ರಯೋಜನವಿಲ್ಲ, ಮುಂದಿನ ಲಾಗಿನ್‌ಗೆ ಮತ್ತೆ ಹುಟ್ಟುತ್ತದೆ. ಬೇರೆ ಪ್ರೊಫೈಲ್ ಸೇರಿಸಿ ಅದನ್ನೇ ಡಿಫಾಲ್ಟ್ ಮಾಡಬೇಕು. ಮಾನಿಟರ್ ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಹಾಕಿದ್ದರೂ ಇದೇ ಗೊಂದಲ: ಇಡಿಐಡಿ ಪ್ಯಾನೆಲ್‌ನ ಪೂರ್ತಿ ಗ್ಯಾಮಟ್ ಹೇಳುತ್ತಿರುತ್ತದೆ, ಪರದೆ ಕಿರಿದಾದದ್ದನ್ನು ತೋರಿಸುತ್ತಿರುತ್ತದೆ. ಆ ಮೋಡ್‌ನಲ್ಲಿ ಸಿಸ್ಟಂಗೂ ಎಸ್‌ಆರ್‌ಜಿಬಿ ಪ್ರೊಫೈಲನ್ನೇ ಕೊಡಿ.

ಕಲರಿಮೀಟರ್ (ಪರದೆಯ ಬಣ್ಣ ಅಳೆಯುವ ಸಾಧನ) ಸಿಕ್ಕರೆ ಬೇರೆ ದಾರಿ ಹುಡುಕಬೇಡಿ. ಮಾನಿಟರನ್ನು ಅರ್ಧ ಗಂಟೆ ಉರಿಯಲು ಬಿಟ್ಟು, ಡಿಸ್‌ಪ್ಲೇಕ್ಯಾಲ್ ಎಂಬ ಕ್ಯಾಲಿಬ್ರೇಶನ್ ಪ್ರೋಗ್ರಾಂನಲ್ಲಿ ಬಿಳುಪು ಡಿ65, ಗ್ಯಾಮಾ 2.2, ಬೆಳಕು ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾ ಇಟ್ಟು ಅಳೆಯಿರಿ. ಪ್ರೊಫೈಲ್ ಬಗೆ ಸಿಂಗಲ್ ಕರ್ವ್ ಪ್ಲಸ್ ಮ್ಯಾಟ್ರಿಕ್ಸ್ ಇರಲಿ. ಲಟ್ (ಬಣ್ಣಗಳ ಉದ್ದ ಕೋಷ್ಟಕವಿರುವ) ಪ್ರೊಫೈಲ್ ಹೆಚ್ಚು ನಿಖರವಾದರೂ ಎಲ್ಲ ಪ್ರೋಗ್ರಾಂಗಳಿಗೂ ಅದು ಅರಗುವುದಿಲ್ಲ.

ಸೀರೆಯ ನೆರಿಗೆಗಳನ್ನೊಮ್ಮೆ 100% ಜೂಮ್‌ನಲ್ಲಿ ನೋಡಿ. ಪ್ರೊಫೈಲ್ ಓದುವ ವ್ಯೂವರ್‌ನಲ್ಲೂ ನೆರಿಗೆ ಕಾಣದೆ ಕೆಂಪು ಒಂದೇ ಮುದ್ದೆಯಾಗಿದ್ದರೆ, ಅದು ಮಾನಿಟರ್ ತೊಂದರೆಯಲ್ಲ. ಆ ಬಣ್ಣ ಎಸ್‌ಆರ್‌ಜಿಬಿಯ ಆಚೆಗೆ ಹೋಗಿ ಎಕ್ಸ್‌ಪೋರ್ಟ್‌ನಲ್ಲಿ ಕತ್ತರಿಸಿಹೋಗಿದೆ. ಸಾಫ್ಟ್‌ಪ್ರೂಫ್ ಪ್ರೊಫೈಲ್ ಎಸ್‌ಆರ್‌ಜಿಬಿ ಮಾಡಿ ಕಂಟ್ರೋಲ್ ಜಿ ಒತ್ತಿದರೆ ಅಂಥ ಜಾಗಗಳೆಲ್ಲ ಸಯಾನ್ ಬಣ್ಣದಲ್ಲಿ ಎದ್ದು ಕಾಣುತ್ತವೆ. ಅಲ್ಲಿ ಮಾತ್ರ ಮಾಸ್ಕ್ ಹಾಕಿ ಸ್ಯಾಚುರೇಶನ್ ಇಳಿಸಿ.

ಮುಂದೆ ಕೆಡಿಇ ಪ್ಲಾಸ್ಮಾ 6ರ ವೇಲ್ಯಾಂಡ್‌ಗೆ (ಎಕ್ಸ್11ರ ಜಾಗಕ್ಕೆ ಬಂದ ಹೊಸ ವ್ಯವಸ್ಥೆ) ಹೋದರೆ ಲೆಕ್ಕ ತಿರುಗುಮುರುಗಾಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಐಸಿಸಿ ಕೊಟ್ಟಮೇಲೆ ಪ್ಲಾಸ್ಮಾದ ವಿಂಡೋ ಮ್ಯಾನೇಜರ್ ಕೆವಿನ್ ತಾನೇ ಎಸ್‌ಆರ್‌ಜಿಬಿಯಿಂದ ಮಾನಿಟರ್‌ಗೆ ಬಣ್ಣ ಬದಲಿಸುತ್ತದೆ. ಡಾರ್ಕ್‌ಟೇಬಲ್‌ಗೂ ಅದೇ ಪ್ರೊಫೈಲ್ ಕೊಟ್ಟರೆ ಎರಡು ಸಲ ಇಳಿಸಿದಂತಾಗಿ ಫೋಟೋ ಸಪ್ಪೆಯಾಗುತ್ತದೆ. ಅಲ್ಲಿ ಡಾರ್ಕ್‌ಟೇಬಲ್‌ನ ಡಿಸ್‌ಪ್ಲೇ ಪ್ರೊಫೈಲ್ ಎಸ್‌ಆರ್‌ಜಿಬಿಯೇ ಇರಲಿ.

ಇಷ್ಟೆಲ್ಲ ಮಾಡಿಯೂ ಕೆಂಪು ಸರಿಹೋಗದಿದ್ದರೆ, ಸಿಎಂಎಸ್‌ಟೆಸ್ಟ್ ಕೊಟ್ಟ ಸಾಲುಗಳನ್ನೂ ಅದಲುಬದಲು ಪರೀಕ್ಷೆಯಲ್ಲಿ ಯಾವ ಯಾವ ಪ್ರೋಗ್ರಾಂ ಹಸಿರಾಯಿತು ಎಂಬುದನ್ನೂ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.