ಅಗಾದಿರ್‌ಗೆ ಹೊರಟಿರುವ ತಂಗಿಗೆ

ತಂಗಿ, ಗಂಡ ಮತ್ತು ಚಿಕ್ಕ ಮಗನ ಜೊತೆ ಮಂಗಳೂರಿನಿಂದ ಮೊರಾಕ್ಕೊದ ಅಗಾದಿರ್‌ಗೆ ಬರುತ್ತಿದ್ದೇನೆ, ಬಾಡಿಗೆ, ಊಟ ಹೇಗೆ, ಅರೇಬಿಕ್ ಕಲಿಯಬೇಕಾ ಅಂತ ಕೇಳಿದ್ದೀಯ. ನಮ್ಮೂರಿನವಳು, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ಮನೆಯನ್ನು ಬಂದ ಮೇಲೆ ಕಣ್ಣಾರೆ ನೋಡಿಯೇ ಹಿಡಿಯಿರಿ. ಮೀನಿಗೆ ಬರ ಇಲ್ಲ. ಕುಚ್ಚಲಕ್ಕಿ ಕಟ್ಟಿಕೊಂಡು ಬಾ.

ಭಾಷೆಯ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ನಾನು ಪುಸ್ತಕದ ಅರೇಬಿಕ್ ಕಲಿತು ಬಂದಿದ್ದೆ. ತರಕಾರಿ ಅಂಗಡಿಯವನು ಮರ್ಯಾದೆಯಿಂದ ಕೇಳಿಸಿಕೊಂಡ, ಉತ್ತರ ಕೊಟ್ಟದ್ದು ದಾರಿಜಾದಲ್ಲಿ. ಬೀದಿಯ ಅರೇಬಿಕ್ ಅದೇ. ಎರಡಕ್ಕೆ ಪುಸ್ತಕದಲ್ಲಿ ‘ಇಥ್ನಾನ್’, ಇಲ್ಲಿ ‘ಜೂಜ್’. ವಾರಕ್ಕೆ ‘ಸಿಮಾನಾ’, ಅದು ಸ್ಪ್ಯಾನಿಷ್‌ನಿಂದ ಬಂದದ್ದು. ಬ್ಯಾಂಕು, ಆಸ್ಪತ್ರೆಯಲ್ಲಿ ಫ್ರೆಂಚ್ ಬೇಕು.

ಅಗಾದಿರ್ ಇರುವುದು ಸೂಸ್ ಸೀಮೆಯಲ್ಲಿ. ಇಲ್ಲಿನ ಮೂಲದವರ ಮನೆಮಾತು ತಶೆಲ್‌ಹೀತ್. ಹೊರಗಿನವರು ಬರ್ಬರ್ ಅನ್ನುವ ಅಮಾಜಿಗ್ ಭಾಷೆಗಳಲ್ಲಿ ಅದೂ ಒಂದು. ದಾರಿಜಾದವರು ನೀರಿಗೆ ‘ಲ್ಮಾ’ ಅಂದರೆ ಇವರು ‘ಅಮಾನ್’ ಅನ್ನುತ್ತಾರೆ. ಆದರೆ ಎರಡೂ ಎಷ್ಟು ಬೆರೆತಿವೆ ನೋಡು. ದಾರಿಜಾದಲ್ಲಿ ಬಡಗಿಗೆ ಅರೇಬಿಕ್‌ನ ‘ನಜ್ಜಾರ್’. ಬಡಗಿ ಕೆಲಸಕ್ಕೆ ‘ತನಜ್ಜಾರ್ತ್’. ಮುಂದಿನ ‘ತ’, ಹಿಂದಿನ ‘ತ್’ ಅಮಾಜಿಗ್‌ನವು. ದಾರಿಜಾ ಬಿಟ್ಟು ಬೇರೆ ಬಾರದವರೂ ಹಾಗೇ ಹೇಳುತ್ತಾರೆ. ಅತ್ತ ತಶೆಲ್‌ಹೀತ್ ‘ಲ್‌ಕ್ತಾಬ್’ ಅಂತ ಪುಸ್ತಕವನ್ನು, ಇಂಗ್ಲಿಷ್‌ನ ‘ದ’ (the) ಥರದ ಅರೇಬಿಕ್‌ನ ‘ಲ್’ ಸಮೇತ ಎತ್ತಿಕೊಂಡಿದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಕೊಂಕಣಿ, ಬ್ಯಾರಿ ಕೇಳಿ ಬೆಳೆದ ನಿನಗೆ ಇದೇನೂ ಕಷ್ಟವಲ್ಲ.

ಇಲ್ಲಿನ 2011ರ ಸಂವಿಧಾನ ಅರೇಬಿಕ್ ಜೊತೆ ಅಮಾಜಿಗ್ ಅನ್ನೂ ಅಧಿಕೃತ ಭಾಷೆ ಮಾಡಿತು. ಕಚೇರಿ ಬೋರ್ಡುಗಳಲ್ಲಿ ಅದರ ತಿಫಿನಾಗ್ ಲಿಪಿ ಕಾಣುತ್ತದೆ. ನಮ್ಮ ತುಳು ಇನ್ನೂ ಭಾರತದ ಸಂವಿಧಾನದ ಭಾಷೆಗಳ ಪಟ್ಟಿಯಾದ ಎಂಟನೇ ಪರಿಚ್ಛೇದದ ಹೊರಗೇ ನಿಂತಿದೆ. ಆ ಬೋರ್ಡು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ.

ಆದರೆ ಬೋರ್ಡಿಗೆ ಬಂದರೆ ಸಾಲದು. ನಮ್ಮ ಕಟ್ಟಡದಲ್ಲಿ ಅಜ್ಜಿಯರು ತಶೆಲ್‌ಹೀತ್‌ನಲ್ಲಿ ಕರೆದರೆ ಮೊಮ್ಮಕ್ಕಳು ದಾರಿಜಾದಲ್ಲಿ ಓಗೊಡುತ್ತಾರೆ. ನಮ್ಮ ಮನೆಯಲ್ಲೂ ಅದೇ ಆಯಿತು. ಮಗಳಿಗೆ ಶಾಲೆಯಲ್ಲಿ ಫ್ರೆಂಚ್, ಆಟದಲ್ಲಿ ದಾರಿಜಾ. ಸಂಜೆ ದಣಿದು ಬಂದ ನಾವು ಅವಳ ಭಾಷೆಗೇ ಹೊರಳಿದೆವು. ಈಗ ಊರಿನಿಂದ ನನ್ನ ಅಮ್ಮ ಫೋನಿನಲ್ಲಿ ‘ಒಣಸ್ ಆಂಡಾ?’ (ಊಟ ಆಯ್ತಾ?) ಅಂತ ತುಳುವಿನಲ್ಲಿ ಕೇಳಿದರೆ ಮಗಳು ‘ಆಂಡ್’ ಅನ್ನುತ್ತಾಳೆ. ಮುಂದೆ ಮಾತು ಬಾರದೆ ಫೋನು ನನ್ನ ಕೈಗೆ ಕೊಡುತ್ತಾಳೆ. ಅಮ್ಮನಿಗೆ ವಯಸ್ಸಾಯಿತು. ಇದೊಂದು ನೋವು ನನಗೆ ಹೋಗುವುದಿಲ್ಲ.

ಮಗನ ಫ್ರೆಂಚ್ ಬಗ್ಗೆ ಚಿಂತೆ ಬೇಡ, ಅದು ಶಾಲೆಯಲ್ಲಿ ಬರುತ್ತದೆ. ಅವನು ಯಾವ ಭಾಷೆಯಲ್ಲಿ ಉತ್ತರ ಕೊಟ್ಟರೂ ನೀವಿಬ್ಬರೂ ತುಳುವಿನಲ್ಲೇ ಮಾತಾಡಿ. ನೀನು ದಾರಿಜಾದ ಅಂಕಿಗಳಿಂದ ಶುರು ಮಾಡು. ಪಕ್ಕದ ಮನೆಯವರಿಗೆ ‘ಅಝುಲ್’ ಅಂತ ನಮಸ್ಕಾರ ಹೇಳು, ಖುಷಿಪಡುತ್ತಾರೆ. ಬರುವ ತಾರೀಖು ತಿಳಿಸು.