ಹುಸ್ ಪರಮಪ್ರಸಾದವನ್ನು ಒಪ್ಪಿರಲಿಲ್ಲವೇ?

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ ಪ್ರಾಗ್‌ನ ಗುರು ಯಾನ್ ಹುಸ್ ಬಗ್ಗೆ ಒಳ್ಳೆಯ ಮಾತು ಬರೆದಿದ್ದೀರಿ. ಪರಮಪ್ರಸಾದವನ್ನೇ, ಅಂದರೆ ಪೂಜೆಯಲ್ಲಿ ರೊಟ್ಟಿ ಕ್ರಿಸ್ತರ ಶರೀರವಾಗುವುದನ್ನೇ, ಒಪ್ಪದವರನ್ನು ಕಥೋಲಿಕರ ಪತ್ರಿಕೆ ಹೊಗಳಬಹುದೇ?

ಸಂಪಾದಕರ ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಪರಮಪ್ರಸಾದದ ವಿಷಯ ಬಂದರೆ ನಾನೂ ಸುಮ್ನೆ ಬಿಡುವವನಲ್ಲ. ಆದರೆ ಹುಸ್ ಅದನ್ನು ಒಪ್ಪಲಿಲ್ಲ ಅನ್ನುವುದು ನಿಜವಲ್ಲ.

ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಮಾಸ್‌ನಲ್ಲಿ, ಗುರುಗಳು ‘ಇದು ನನ್ನ ಶರೀರ’ ಎಂಬ ಕ್ರಿಸ್ತರ ಮಾತುಗಳನ್ನು ಹೇಳಿದ ಮೇಲೂ ರೊಟ್ಟಿ ರೊಟ್ಟಿಯಾಗಿಯೇ ಉಳಿಯುತ್ತದೆ ಎಂದು ಕಲಿಸಿದ್ದು ಇಂಗ್ಲೆಂಡಿನ ಜಾನ್ ವಿಕ್ಲಿಫ್. ನಮ್ಮ ಧರ್ಮಸಭೆಯ ನಂಬಿಕೆ ಬೇರೆ. ಕಣ್ಣಿಗೂ ನಾಲಿಗೆಗೂ ಅದು ರೊಟ್ಟಿಯೇ, ಆದರೆ ನಿಜದಲ್ಲಿ ಅದು ಕ್ರಿಸ್ತರ ಶರೀರ. ಪ್ರಾಗ್‌ನ ಹುಸ್ ವಿಕ್ಲಿಫ್‌ನ ಪುಸ್ತಕಗಳನ್ನು ಇಷ್ಟಪಟ್ಟು ಓದಿದವರು. ಅಷ್ಟಕ್ಕೇ ಈ ಮಾತನ್ನೂ ಅವರ ತಲೆಗೆ ಕಟ್ಟಿದರು.

ಹುಸ್ ಏನು ನಂಬಿದ್ದರು ಅನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. 1383ರಲ್ಲಿ ಜರ್ಮನಿಯ ವಿಲ್ಸ್‌ನಾಕ್‌ನಲ್ಲಿ ಚರ್ಚು ಸುಟ್ಟುಹೋಯಿತು. ಬೂದಿಯಲ್ಲಿ ರಕ್ತದ ಕಲೆಯಿದ್ದ ಪರಮಪ್ರಸಾದ ಸಿಕ್ಕಿತು ಎಂದು ಜನ ಮುಗಿಬಿದ್ದರು. ಕೈ ಸೊಟ್ಟಗಾಗಿದ್ದ ಪ್ರಾಗ್‌ನವರೊಬ್ಬರು ಅಲ್ಲಿಗೆ ಬೆಳ್ಳಿಯ ಕೈ ಹರಕೆ ಒಪ್ಪಿಸಿ, ಏನಾಗುತ್ತದೋ ನೋಡೋಣ ಎಂದು ಮೂರು ದಿನ ಉಳಿದರು. ಇವರ ಕೈ ವಾಸಿಯಾಯಿತು ಎಂದು ಗುರುಗಳು ಪೀಠದಿಂದಲೇ ಸಾರಿದರು. ಇವರು ಎದ್ದು ನಿಂತು, ಸುಳ್ಳೇಕೆ ಹೇಳುತ್ತೀರಿ, ಕೈ ಹಾಗೇ ಇದೆ ಎಂದು ಎಲ್ಲರಿಗೂ ತೋರಿಸಿದರು. ಈ ಪವಾಡಗಳ ಬಗ್ಗೆ ಪ್ರಾಗ್‌ನ ಆರ್ಚ್‌ಬಿಷಪ್ ನೇಮಿಸಿದ ತನಿಖಾ ಸಮಿತಿಯಲ್ಲಿ ಹುಸ್ ಇದ್ದರು. ಈ ಕಥೆಯನ್ನು ಬರೆದಿಟ್ಟವರೂ ಅವರೇ. ಪ್ರತಿ ಬಲಿಪೀಠದ ಮೇಲೂ ಕ್ರಿಸ್ತರು ನಿಜವಾಗಿ ಇರುವಾಗ ರಕ್ತದ ಕಲೆಯ ಹಿಂದೆ ಓಡುವುದೇಕೆ ಅನ್ನುವುದು ಅವರ ವಾದ. ಪರಮಪ್ರಸಾದವನ್ನು ನಂಬದವರು ಹೀಗೆ ವಾದಿಸುತ್ತಾರಾ?

ಹುಸ್ ಅವರ ವಿಚಾರಣೆ ನಡೆಸಿದ್ದು ಧರ್ಮಸಭೆಯ ಕಾನ್‌ಸ್ಟನ್ಸ್ ಮಹಾಸಭೆ. ಅಲ್ಲಿ 1415ರ ಜೂನ್ 7ರಂದು ಕಾರ್ಡಿನಲ್ ಪಿಯೆರ್ ದಾಯಿ ಎಂಬವರು ಹುಸ್ ಅವರನ್ನು ತರ್ಕದಲ್ಲಿ ಸಿಕ್ಕಿಸಲು ನೋಡಿದರು. ನಿಮ್ಮ ತತ್ವಶಾಸ್ತ್ರದ ಪ್ರಕಾರ ರೊಟ್ಟಿ ಉಳಿಯಲೇಬೇಕಲ್ಲ ಎಂದರು. ಹುಸ್ ಒಪ್ಪಲಿಲ್ಲ. ಕೊನೆಗೆ ಇಂಗ್ಲೆಂಡಿನವರೊಬ್ಬರೇ, ನಂಬಿಕೆಗೆ ಸಂಬಂಧವಿಲ್ಲದ ಮಾತೆಲ್ಲ ಯಾಕೆ, ಪರಮಪ್ರಸಾದದ ಬಗ್ಗೆ ಇವರು ಸರಿಯಾಗಿಯೇ ಹೇಳುತ್ತಿದ್ದಾರಲ್ಲ ಎಂದರಂತೆ. ಜುಲೈ 6ರಂದು ಹುಸ್ ಅವರನ್ನು ಜೀವಂತ ಸುಟ್ಟರು. ಅಂದು ಖಂಡಿಸಿದ ಅವರ 30 ವಾಕ್ಯಗಳಲ್ಲಿ ರೊಟ್ಟಿ ಉಳಿಯುತ್ತದೆ ಎಂಬ ವಾಕ್ಯವೇ ಇಲ್ಲ. ಜಾಸ್ತಿ ಇರುವುದು ಧರ್ಮಸಭೆ, ಪೋಪ್ ಅಧಿಕಾರದ ಬಗ್ಗೆ.

ಜನರಿಗೂ ದ್ರಾಕ್ಷಾರಸದ ಪಾನಪಾತ್ರೆಯಿಂದ ಪರಮಪ್ರಸಾದ ಕೊಡುವ ಪದ್ಧತಿಯನ್ನು ಅದೇ ಸಭೆ ಜೂನ್ 15ರಂದು ನಿಷೇಧಿಸಿತ್ತು. ಪಾನಪಾತ್ರೆಯ ಪದ್ಧತಿಯನ್ನು ವಿರೋಧಿಸಬೇಡಿ ಎಂದು ಹುಸ್ ಸೆರೆಮನೆಯಿಂದ ಬರೆದರು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಕೆಲವು ಸಂದರ್ಭಗಳಲ್ಲಿ ಆ ಪದ್ಧತಿಗೆ ದಾರಿ ತೆರೆಯಿತು.

ಬೆಲ್ಜಿಯಂನ ಬೆನೆಡಿಕ್ಟೈನ್ ಸನ್ಯಾಸಿ ಪೌಲ್ ದ ವೋಖ್ಟ್ ಹುಸ್ ಬರಹಗಳನ್ನು ಕಥೋಲಿಕರ ಕಣ್ಣಿನಿಂದಲೇ ಮತ್ತೆ ಓದಿದರು. 1999ರ ಡಿಸೆಂಬರ್‌ನಲ್ಲಿ ಪೋಪ್ ಎರಡನೇ ಜಾನ್ ಪೌಲ್ ಅವರು ಹುಸ್‌ಗೆ ಬಂದ ಕ್ರೂರ ಸಾವಿಗೆ ತೀವ್ರ ವಿಷಾದ ಹೇಳಿದರು.

ಧರ್ಮಸಭೆಯ ಬಗ್ಗೆ ಹುಸ್ ಬರೆದದ್ದರಲ್ಲಿ ನಾನೂ ಒಪ್ಪದ ಮಾತುಗಳಿವೆ. ಆ ಬಗ್ಗೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇನೆ.